ಭೂಮಿ ಹುಣ್ಣಿಮೆಗೆ ಬೀಜ, ಎಳ್ಳಮಾವಾಸ್ಯೆಗೆ ಹೂ: ಮಲೆನಾಡಿನ ಅಂಗಳದಲ್ಲಿ ಜೀನಿಯಾ

ಬೀಜದ ಪ್ಯಾಕೆಟ್ಟಿನ ಹಿಂದೆ ‘ಬಿತ್ತುವ ಕಾಲ: ಜೂನ್–ಜುಲೈ’ ಎಂದು ಅಚ್ಚು ಹಾಕಿದ್ದರು. ನಾನು ಅದನ್ನೇ ನಂಬಿದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆ ಅಂಗಳದಲ್ಲಿ ಆರಿದ್ರಾ ಮಳೆ ಶುರುವಾದ ವಾರ ಜೀನಿಯಾ ಬಿತ್ತಿದೆ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಅನ್ನುವ ಮಾತು ಗದ್ದೆಗೆ ಸರಿ. ಜೀನಿಯಾಗೆ ಅಲ್ಲ. ಹುಟ್ಟಿದ ಸಸಿಗಳು ನಾಲ್ಕೇ ದಿನದಲ್ಲಿ ಕುತ್ತಿಗೆ ಬಾಗಿಸಿ ಮಲಗಿದವು. ಉಳಿದ ಎಂಟು ಹತ್ತನ್ನು ಬಸವನಹುಳು ತಿಂದು ಮುಗಿಸಿತು.

ಆಮೇಲೆ ಗೊತ್ತಾಯಿತು, ಪ್ಯಾಕೆಟ್ ಸುಳ್ಳು ಹೇಳಿರಲಿಲ್ಲ. ಅದು ಬಯಲುಸೀಮೆಗೆ ಬರೆದ ಮಾತು, ಅಷ್ಟೆ. ನಮ್ಮ ತಾಲ್ಲೂಕಿನದೇ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ. ಜೀನಿಯಾ ಮೂಲದಲ್ಲಿ ಮೆಕ್ಸಿಕೊದ ಒಣ ಬಯಲಿನ ಗಿಡ. ಬೆಂಗಳೂರಿನ ತಾರಸಿಗೆ ಬರೆದ ವೇಳಾಪಟ್ಟಿಯನ್ನು ನಮ್ಮಲ್ಲಿ ನಡೆಸಲು ಹೋದರೆ ಗಿಡ ಏನು ಮಾಡೀತು ಪಾಪ.

ಈಗ ನಾನು ಪ್ಯಾಕೆಟ್ ನೋಡುವುದಿಲ್ಲ, ಪಂಚಾಂಗ ನೋಡುತ್ತೇನೆ. ಭೂಮಿ ಹುಣ್ಣಿಮೆ, ಅಂದರೆ ಸೀಗೆ ಹುಣ್ಣಿಮೆ, ಕಳೆದ ಮೇಲೆ ಬಿತ್ತುತ್ತೇನೆ. ಅಲ್ಲಿಂದ ಎರಡೂವರೆ ತಿಂಗಳಿಗೆ ಎಳ್ಳಮಾವಾಸ್ಯೆ. ತೀರ್ಥಹಳ್ಳಿಯ ಜಾತ್ರೆ ಹೊತ್ತಿಗೆ ಅಂಗಳದ ಅಂಚಿನಲ್ಲಿ ಕೆಂಪು, ಕಿತ್ತಳೆ, ಗುಲಾಬಿ ಬಣ್ಣ ತುಂಬಿರುತ್ತದೆ. ಬಿತ್ತಿದ 60–65 ದಿನಕ್ಕೆ ಮೊದಲ ಹೂ ಅರಳುತ್ತದೆ, 75 ದಿನಕ್ಕೆ ಗಿಡ ಮೈತುಂಬಿಕೊಳ್ಳುತ್ತದೆ. ಲೆಕ್ಕ ಸರಿಯಾಗಿ ಕೂರುತ್ತದೆ.

ಒಂದು ಎಚ್ಚರ. ಕೆಲವು ವರ್ಷ ಹುಣ್ಣಿಮೆ ಅಕ್ಟೋಬರಿನ ಶುರುವಿಗೇ ಬಂದುಬಿಡುತ್ತದೆ. ಆಗ ಹಸ್ತ ಮಳೆ ಇನ್ನೂ ಮುಗಿದಿರುವುದಿಲ್ಲ, ಅಕ್ಟೋಬರ್ 10ರ ಸುಮಾರಿಗೆ ಚಿತ್ತೆ ಬೇರೆ ಹಿಡಿಯುತ್ತದೆ. ಚಿತ್ತೆ ಮಳೆಗೆ ಕಣ್ಣಿಲ್ಲ ಅನ್ನುತ್ತಾರಲ್ಲ, ಎಲ್ಲಿ ಬೇಕಾದರೂ ಸುರಿಯುತ್ತದೆ. ಅಂಥ ವರ್ಷ ಅವಸರ ಬೇಡ. ಚಿತ್ತೆಯ ಕೊನೆಗೆ ಅಥವಾ ಸ್ವಾತಿ ಹಿಡಿದ ಮೇಲೆ ಬಿತ್ತಿ. ಹತ್ತು ದಿನ ತಡವಾದರೆ ನಷ್ಟವಿಲ್ಲ. ಶಿವಮೊಗ್ಗ ನಗರ, ಭದ್ರಾವತಿ, ಶಿಕಾರಿಪುರದ ಕಡೆ ಮಳೆ ನಮಗಿಂತ ತುಂಬ ಕಡಿಮೆ. ಅಲ್ಲಿಯವರು ಸೆಪ್ಟೆಂಬರಿನಲ್ಲೇ ಧೈರ್ಯ ಮಾಡಬಹುದು.

ಯಾವ ಬೀಜ ತರಬೇಕು

ಅಂಗಡಿಗೆ ಹೋದರೆ ಚಿತ್ರ ನೋಡಿಯೇ ಮರುಳಾಗುತ್ತೇವೆ. ಡೇರೆ ಹೂವಿನಷ್ಟು ದೊಡ್ಡ, ಎಸಳಿನ ಮೇಲೆ ಎಸಳು ಕೂತ ಜೀನಿಯಾ ಇರುತ್ತದೆ. ಗಿಡ ಎರಡೂವರೆ, ಮೂರು ಅಡಿ ಎತ್ತರ. ನೋಡಲು ಬಹಳ ಚೆನ್ನ. ಆದರೆ ಇಬ್ಬನಿ ಬೀಳುವ ನಮ್ಮ ಊರಲ್ಲಿ ಆ ದೊಡ್ಡ ಹೂ ನೀರು ಹಿಡಿದುಕೊಂಡು ತೂಕಕ್ಕೆ ಬಾಗುತ್ತದೆ, ಒಳಗಿನಿಂದ ಕಂದಾಗುತ್ತದೆ. ಮೊದಲ ಸಲ ಬೆಳೆಸುವವರು ಸಣ್ಣ ಹೂವಿನ, ಒಂದು–ಒಂದೂವರೆ ಅಡಿಯ ಜಾತಿ ತನ್ನಿ ಅನ್ನುವುದು ನನ್ನ ಸಲಹೆ. ‘ಪ್ರೊಫ್ಯೂಷನ್’ ಹೆಸರಿನ ಹೈಬ್ರಿಡ್ ಸಿಕ್ಕರೆ ಇನ್ನೂ ಒಳ್ಳೆಯದು. ಅದಕ್ಕೆ ಬೂದಿ ರೋಗ ತಡೆಯುವ ಶಕ್ತಿ ಜಾಸ್ತಿ. ಒಂದೇ ಕೊರತೆ, ಹೈಬ್ರಿಡ್ ಗಿಡದಿಂದ ಬೀಜ ಎತ್ತಿಟ್ಟರೆ ಮುಂದಿನ ವರ್ಷ ಅದೇ ಹೂ ಬರುವುದಿಲ್ಲ.

ಡೇರೆ ಮಾತು ಬಂದಿದ್ದಕ್ಕೆ ಹೇಳಿಬಿಡುತ್ತೇನೆ. ನಮ್ಮತ್ತೆಗೆ ಜೀನಿಯಾ ಅಂದರೆ ಅಷ್ಟಕ್ಕಷ್ಟೆ. ‘ವಾಸನೆ ಇಲ್ಲ, ಗಡ್ಡೆನೂ ಇಲ್ಲ, ವರ್ಷಾ ವರ್ಷಾ ಬಿತ್ತಬೇಕು’ ಅನ್ನುತ್ತಾರೆ. ಎಲ್ಲ ನಿಜವೇ. ಆದರೆ ಡೇರೆ ಗಡ್ಡೆ ಬೇಕಾದರೆ ಯಾರ ಮನೆಯಿಂದಲಾದರೂ ಕೇಳಿ ತರಬೇಕು, ಕೊಡುವವರು ಒಳ್ಳೆಯ ಬಣ್ಣದ್ದು ಕೊಡುತ್ತಾರೆಂಬ ಭರವಸೆಯೂ ಇಲ್ಲ! ಜೀನಿಯಾಗೆ ಒಂದು ಚಿಟಿಕೆ ಬೀಜ ಸಾಕು.

ಜಾಗ, ಮಣ್ಣು

ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ಮಲೆನಾಡಿನಲ್ಲಿ ಇದೇ ಕಷ್ಟ. ಸುತ್ತ ತೋಟ, ಹಿಂದೆ ಗುಡ್ಡ. ಇನ್ನೊಂದು ವಿಷಯ ಮರೆಯಬೇಡಿ: ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಬೇಸಿಗೆಯಲ್ಲಿ ಬಿಸಿಲಿದ್ದ ಜಾಗಕ್ಕೆ ಡಿಸೆಂಬರಿನಲ್ಲಿ ತೆಂಕಣ ದಿಕ್ಕಿನ ಅಡಿಕೆ ಮರಗಳ ನೆರಳು ಬಂದು ಕೂರಬಹುದು. ಅಡಿಕೆ ಒಣಗಿಸಲು ಅಂಗಳದಲ್ಲಿ ಯಾವ ಮೂಲೆ ಆರಿಸುತ್ತೀರೋ ಅದರ ಅಂಚೇ ಜೀನಿಯಾಗೂ ಸರಿ. ಮನೆಯ ಯಜಮಾನರನ್ನು ಮೊದಲೇ ಒಪ್ಪಿಸಿಟ್ಟುಕೊಳ್ಳಿ. ಇಲ್ಲದಿದ್ದರೆ ನವೆಂಬರಿನಲ್ಲಿ ನಿಮ್ಮ ಸಸಿಗಳ ಮೇಲೆ ಅಡಿಕೆ ತಟ್ಟಿ ಬಂದು ಮಲಗುತ್ತದೆ.

ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು. ವರ್ಷ ವರ್ಷ ಸುರಿಯುವ ಮಳೆ ಮಣ್ಣಿನ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗುತ್ತದೆ. ಜೀನಿಯಾ ತೀರಾ ಹುಳಿ ಮಣ್ಣನ್ನು ಇಷ್ಟಪಡುವುದಿಲ್ಲ. ಬಿತ್ತುವ ಎರಡು ಮೂರು ವಾರ ಮೊದಲು ಮಣ್ಣು ಅಗೆದು, ಒಂದು ಚದರ ಮೀಟರಿಗೆ ಒಂದು ದೊಡ್ಡ ಹಿಡಿ ಸುಣ್ಣದ ಪುಡಿ ಎರಚಿ ಕಲಸಿ. ಸುಣ್ಣ ಇಲ್ಲದಿದ್ದರೆ ಬಚ್ಚಲ ಒಲೆಯ ಬೂದಿ ಎರಡು ಮೂರು ಹಿಡಿ ಹಾಕಿ, ಅದೂ ಹುಳಿ ತಗ್ಗಿಸುತ್ತದೆ. ಪ್ಲಾಸ್ಟಿಕ್ ಸುಟ್ಟ ಬೂದಿ ಬೇಡವೇ ಬೇಡ.

ಸುಣ್ಣ ಹಾಕಿದ ದಿನವೇ ಗೊಬ್ಬರ ಹಾಕಬೇಡಿ. ಎರಡೂ ಸೇರಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಎರಡು ವಾರ ಬಿಟ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಚದರ ಮೀಟರಿಗೆ ಅರ್ಧ ಬುಟ್ಟಿ ಹಾಕಿ. ಅರ್ಧ ಸಾಕು. ನಾನೊಂದು ವರ್ಷ ಪ್ರೀತಿ ಜಾಸ್ತಿಯಾಗಿ ಎರಡು ಬುಟ್ಟಿ ಸುರಿದಿದ್ದೆ. ಗಿಡ ಸೊಂಟದೆತ್ತರ ಬಂತು, ಎಲೆ ದನಕ್ಕೆ ಹಾಕುವಷ್ಟು ಬಂತು, ಹೂ ಮಾತ್ರ ಎಣಿಸಿ ಹತ್ತು.

ಆಮೇಲೆ ಮಡಿ ಮಾಡಿ. ನೆಲಮಟ್ಟದಲ್ಲಿ ಬೇಡ. ಒಂದು ಗೇಣು ಎತ್ತರ, ಮೂರು ಅಡಿ ಅಗಲ. ಸ್ವಾತಿಯಲ್ಲಿ ಒಂದು ಮಳೆ ದಬದಬ ಬಿದ್ದರೂ ನೀರು ನಿಲ್ಲದೆ ಇಳಿದುಹೋಗಬೇಕು. ಮಡಿಯ ಅಂಚಿಗೆ ಹಳೆಯ ಅಡಿಕೆ ದಬ್ಬೆ ಕೊಟ್ಟರೆ ಮಣ್ಣು ಕುಸಿಯುವುದಿಲ್ಲ.

ಬಿತ್ತುವುದು

ಜೀನಿಯಾ ಬೀಜ ಚಪ್ಪಟೆ, ಬಾಣದ ತುದಿಯ ಆಕಾರ, ಬೂದು ಕಂದು ಬಣ್ಣ. ನೆನೆಹಾಕುವ ಅಗತ್ಯವಿಲ್ಲ. ಜೀನಿಯಾ ಬೇರು ಕದಲಿಸುವುದನ್ನು ಸಹಿಸುವುದಿಲ್ಲ, ಆದ್ದರಿಂದ ಗಿಡ ಎಲ್ಲಿ ಬೆಳೆಯಬೇಕೋ ಅಲ್ಲೇ ಬಿತ್ತುವುದು ಉತ್ತಮ.

ಅಡಿಗೊಂದು ಗುರುತು ಮಾಡಿ. ಎತ್ತರದ ಜಾತಿಗೆ ಒಂದೂಕಾಲು ಅಡಿ ಬಿಡಿ. ಮಡಿ ಖಾಲಿ ಖಾಲಿ ಕಾಣುತ್ತದೆ, ನಡುವೆ ಇನ್ನೊಂದು ಹಾಕೋಣ ಅನ್ನಿಸುತ್ತದೆ. ಹಾಕಬೇಡಿ. ಗಿಡದ ನಡುವೆ ಗಾಳಿ ಆಡುವುದೇ ನಮ್ಮ ಸೀಮೆಯಲ್ಲಿ ಮೊದಲ ಔಷಧಿ. ಪ್ರತಿ ಗುರುತಿನಲ್ಲಿ ಎರಡು ಮೂರು ಬೀಜ ಇಟ್ಟು, ಅರ್ಧ ಸೆಂಟಿಮೀಟರಿನಷ್ಟು ಮಾತ್ರ ಮಣ್ಣು ಮುಚ್ಚಿ. ಜಾಲರಿಯಲ್ಲಿ ಜರಡಿ ಹಿಡಿದ ಮಣ್ಣಾದರೆ ಒಳ್ಳೆಯದು. ಕೈಯಲ್ಲಿ ಮೆಲ್ಲಗೆ ಒತ್ತಿ, ನೀರು ಚಿಮುಕಿಸಿ.

ಮೇಲೆ ಒಂದು ಪದರ ಅಡಿಕೆ ಸೋಗೆ ಹರಡಿ. ಕೋಳಿ ಕೆದಕುವುದಿಲ್ಲ, ಮಳೆ ಹನಿ ಬೀಜವನ್ನು ಎಬ್ಬಿಸುವುದಿಲ್ಲ. ನಾಲ್ಕನೇ ದಿನದಿಂದ ಬೆಳಿಗ್ಗೆ ಸೋಗೆ ಎತ್ತಿ ನೋಡುತ್ತಿರಿ. ಸಾಮಾನ್ಯವಾಗಿ ನಾಲ್ಕರಿಂದ ಏಳು ದಿನಕ್ಕೆ ಮೊಳಕೆ. ಮೊದಲ ಹಸಿರು ಕಂಡ ದಿನವೇ ಸೋಗೆ ತೆಗೆದುಬಿಡಿ. ಎರಡು ದಿನ ಮರೆತರೆ ಸಸಿ ಬೆಳಕು ಹುಡುಕುತ್ತಾ ದಾರದ ಹಾಗೆ ಉದ್ದವಾಗುತ್ತದೆ, ಮತ್ತೆ ನೆಟ್ಟಗೆ ನಿಲ್ಲುವುದಿಲ್ಲ.

ಅಂಗಳದಲ್ಲಿ ಮಡಿಗೆ ಜಾಗ ಇನ್ನೂ ಖಾಲಿಯಾಗಿಲ್ಲವೇ? ಅಡಿಕೆ ಹಾಳೆ ದೊನ್ನೆಯಲ್ಲಿ ಬಿತ್ತಿ ಜಗಲಿ ಅಂಚಿನ ಬಿಸಿಲಿಗೆ ಇಡಿ. ದೊನ್ನೆಯ ತಳಕ್ಕೆ ಮೂರು ತೂತು, ಒಳಗೆ ಮಣ್ಣು, ಪುಡಿ ಗೊಬ್ಬರ, ಸುಟ್ಟ ಭತ್ತದ ಹೊಟ್ಟು ಸಮ ಸಮ. ನಾಲ್ಕು ಎಲೆ ಬಂದ ಮೇಲೆ ತಳ ಕತ್ತರಿಸಿ ದೊನ್ನೆ ಸಮೇತ ನೆಟ್ಟರಾಯಿತು. ಬೇರಿಗೆ ಗೊತ್ತೇ ಆಗುವುದಿಲ್ಲ.

ಸಸಿ ಎರಡು ಇಂಚಾದಾಗ ಪ್ರತಿ ಗುರುತಿನಲ್ಲಿ ಗಟ್ಟಿಯಾದ ಒಂದನ್ನು ಉಳಿಸಿ ಮಿಕ್ಕಿದ್ದನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ.

ಕುತ್ತಿಗೆ ಕೊಳೆ

ಸಸಿಯ ಬುಡ ನೀರು ನೀರಾಗಿ ಸಣ್ಣಗಾಗಿ ಬಿದ್ದುಹೋದರೆ ಅದು ಮಣ್ಣಿನಿಂದ ಬರುವ ರೋಗ. ಇದನ್ನು ತರುವ ಪಿಥಿಯಂ ಎಂಬ ಸೂಕ್ಷ್ಮಜೀವಿ, ನಮ್ಮ ಅಡಿಕೆಗೆ ಕೊಳೆ ತರುವ ಫೈಟಾಫ್ಥೊರಾದ ಹತ್ತಿರದ ನೆಂಟ. ತೇವ ಹೆಚ್ಚಾದರೆ ಎರಡೂ ಹರಡುತ್ತವೆ. ಎರಡಕ್ಕೂ ಔಷಧಿಯೂ ಒಂದೇ, ಮೈಲುತುತ್ತ–ಸುಣ್ಣ ಬೆರೆಸಿದ ನಮ್ಮ ಹಳೆಯ ಬೋರ್ಡೋ ದ್ರಾವಣ. ತೋಟಕ್ಕೆ ಹೊಡೆದು ಮಿಕ್ಕ ಮೈಲುತುತ್ತ ಮನೆಯಲ್ಲಿ ಇದ್ದೇ ಇರುತ್ತದೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಅನ್ನುವ ಲೆಕ್ಕವನ್ನೇ ಇಳಿಸಿದರೆ ಒಂದು ಲೀಟರಿಗೆ 10 ಗ್ರಾಂ, 10 ಗ್ರಾಂ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರು ಸುರಿಯುತ್ತಾ ಕಲಸಿ. ಕಬ್ಬಿಣದ ಚಾಕು ಅದ್ದಿ ನೋಡಿ. ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಇನ್ನಷ್ಟು ಬೇಕು. ಅದೇ ದಿನ ಬಳಸಿ ಮುಗಿಸಿ, ನಾಳೆಗೆ ಇಡಬೇಡಿ. ಬಿದ್ದ ಸಸಿ ಏಳುವುದಿಲ್ಲ. ಪಕ್ಕದವನ್ನು ಉಳಿಸಿಕೊಳ್ಳಲು ಬುಡದ ಮಣ್ಣಿಗೆ ಹಾಕುವುದು, ಅಷ್ಟೆ.

ಬಸವನಹುಳುವಿಗೆ ಮಡಿಯ ಸುತ್ತ ಒಣ ಬೂದಿಯ ಗೆರೆ ಎಳೆಯಿರಿ. ಒದ್ದೆಯಾದರೆ ಕೆಲಸ ಮಾಡುವುದಿಲ್ಲ, ಮತ್ತೆ ಎಳೆಯಬೇಕು. ನಾನು ರಾತ್ರಿ ಊಟದ ಮೇಲೆ ಟಾರ್ಚ್ ಹಿಡಿದು ಆರಿಸುತ್ತೇನೆ. ಅದೇ ಖಾತ್ರಿ.

ತಲೆ ಚಿವುಟುವುದು

ಗಿಡ ಒಂದು ಗೇಣಿಗೆ ಸ್ವಲ್ಪ ಕಡಿಮೆ ಇದ್ದಾಗ, ಎದುರು ಬದುರು ಎಲೆಗಳ ನಾಲ್ಕು ಜೋಡಿ ಬಂದಿರುತ್ತದೆ. ಆಗ ಮೂರನೇ ಜೋಡಿಯ ಮೇಲಕ್ಕೆ ತುದಿಯನ್ನು ಚಿವುಟಿ ತೆಗೆಯಬೇಕು. ನಾನು ಮೊದಲ ಸಲ ಮಾಡಿದಾಗ ಜಗಲಿಯಿಂದ ಅತ್ತೆ ಕೂಗಿದರು, ‘ಅಯ್ಯೋ, ಚೆನ್ನಾಗಿ ಬಂದ ಗಿಡದ ತಲೆ ಯಾಕೆ ತೆಗೆದ್ಯೇ?’ ಅರ್ಧ ಮಡಿ ಚಿವುಟಿ, ಅವರ ಮಾತಿಗೆ ಅರ್ಧ ಹಾಗೇ ಬಿಟ್ಟೆ. ಬಿಟ್ಟ ಅರ್ಧದಲ್ಲಿ ಹತ್ತು ದಿನ ಮೊದಲೇ ಹೂ ಬಂತು. ಅತ್ತೆ ನನ್ನ ಮುಖ ನೋಡಿದರು, ನಾನು ಮಾತಾಡಲಿಲ್ಲ. ಆದರೆ ಅವೆಲ್ಲ ಒಂದೇ ಕೋಲು, ತುದಿಗೊಂದು ದೊಡ್ಡ ಹೂ. ಚಿವುಟಿದವು ಪೊದೆಯಾಗಿ ಕವಲೊಡೆದು, ಜನವರಿ ಪೂರ್ತಿ ಬುಟ್ಟಿ ತುಂಬ ಹೂ ಕೊಟ್ಟವು. ಈಗ ಚಿವುಟುವ ಕೆಲಸ ಅವರದೇ.

ನೀರು ಬೆಳಿಗ್ಗೆ, ಬುಡಕ್ಕೆ. ಪೈಪಿಗೆ ಬೆರಳು ಅಡ್ಡ ಹಿಡಿದು ತಲೆಯ ಮೇಲೆ ಚಿಮ್ಮಿಸುವುದು ಬೇಡ. ಮಡಿಯ ಮಣ್ಣಿಗೆ ಬೆರಳು ಚುಚ್ಚಿ ಒಂದಿಂಚು ಒಣಗಿದ್ದರೆ ಮಾತ್ರ ಹಾಕಿ. ಬುಡಕ್ಕೆ ತೆಳ್ಳಗೆ ದರಗು (ಒಣ ಎಲೆ) ಹೊದೆಸಿದರೆ ಎರಡು ದಿನಕ್ಕೊಮ್ಮೆ ಸಾಕು. ಮೊಗ್ಗು ಕಾಣುವಾಗ ಗೋಬರ್ ಗ್ಯಾಸಿನ ಬಗ್ಗಡವನ್ನು ಹತ್ತು ಪಾಲು ನೀರಿಗೆ ಬೆರೆಸಿ ಒಂದು ಸಲ ಕೊಡಿ.

ಬೂದಿ ರೋಗ, ಮತ್ತೆ ಆಕಾಶದ ಜೀನಿಯಾ

ಡಿಸೆಂಬರ್ ಬಂತೆಂದರೆ ಕೆಳಗಿನ ಎಲೆಗಳ ಮೇಲೆ ಅಕ್ಕಿ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಮಚ್ಚೆ ಕಾಣುತ್ತದೆ. ಇದೇ ಬೂದಿ ರೋಗ. ಹಗಲು ಒಣ ಬಿಸಿಲು, ರಾತ್ರಿ ತಂಪು, ಗಾಳಿಯಲ್ಲಿ ತೇವ: ಈ ಶಿಲೀಂಧ್ರಕ್ಕೆ ಇದೇ ಹಬ್ಬ. ನಮ್ಮ ಚಳಿಗಾಲ ಹಾಗೇ ಇರುತ್ತದಲ್ಲ. ಕಂಡ ದಿನವೇ ಆ ಎಲೆ ತೆಗೆದು ಒಲೆಗೆ ಹಾಕಿ. ಬುಡದಿಂದ ಅರ್ಧ ಅಡಿವರೆಗಿನ ಎಲೆಗಳನ್ನು ಮೊದಲೇ ಸವರಿಬಿಟ್ಟರೆ ಗಾಳಿ ಆಡುತ್ತದೆ. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ವಾರಕ್ಕೊಮ್ಮೆ ಬೆಳಗಿನ ಬಿಸಿಲಿನಲ್ಲಿ ಎಲೆಯ ಎರಡೂ ಬದಿಗೆ ಸಿಂಪಡಿಸುತ್ತೇನೆ. ರೋಗ ಶುರುವಾಗುವಾಗ ಇದು ಕೆಲಸ ಮಾಡುತ್ತದೆ, ಪೂರ್ತಿ ಹಿಡಿದ ಮೇಲೆ ಅಲ್ಲ. ಜೋರಾದರೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ. ಬೇವಿನ ಎಣ್ಣೆ ಹೊಡೆದು ಎರಡು ವಾರ ಆಗುವವರೆಗೆ ಗಂಧಕ ಬೇಡ, ಎಲೆ ಸುಡುತ್ತದೆ.

ಎಲೆಯಲ್ಲಿ ಕೆಂಗಂದು ಚುಕ್ಕೆ ಬಿದ್ದರೆ ಅದು ಬೇರೆ ರೋಗ, ಎಲೆ ಒದ್ದೆಯಾಗಿದ್ದರೆ ಬರುವಂಥದ್ದು. ‘ಎಲೆಚುಕ್ಕಿ’ ಅಂದ ಕೂಡಲೇ ಅಡಿಕೆ ಬೆಳೆಗಾರರ ಎದೆ ಝಲ್ ಅನ್ನುತ್ತದೆ. ಗಾಬರಿ ಬೇಡ, ಜೀನಿಯಾದ ಚುಕ್ಕೆ ರೋಗದ ಶಿಲೀಂಧ್ರವೇ ಬೇರೆ.

ತೇವದ ಕಾಟ ನಮಗೊಬ್ಬರಿಗೇ ಅಂದುಕೊಂಡಿದ್ದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಜೀನಿಯಾ ಬೆಳೆಸಿದ್ದಾರೆ. 2015ರ ನವೆಂಬರಿನಲ್ಲಿ ಬಿತ್ತಿದ ಗಿಡಗಳಿಗೆ ಡಿಸೆಂಬರಿನಲ್ಲಿ ನೀರು ಹೆಚ್ಚಾಗಿ ಎಲೆ ಮುದುರಿ ಬೂಷ್ಟು ಹಿಡಿಯಿತು. ಫ್ಯಾನ್ ಜೋರು ಮಾಡಿದರೆ ಈಗ ಒಣಗಲು ಶುರು. ಕೊನೆಗೆ ಗಗನಯಾತ್ರಿ ಸ್ಕಾಟ್ ಕೆಲ್ಲಿ, ‘ವೇಳಾಪಟ್ಟಿ ಪ್ರಕಾರ ಬೇಡ, ಗಿಡ ನೋಡಿ ನಾನೇ ನೀರು ಹಾಕುತ್ತೇನೆ’ ಎನ್ನುವ ಅರ್ಥದಲ್ಲಿ ಭೂಮಿಯವರಿಗೆ ಹೇಳಿ, ಆರೈಕೆಯನ್ನು ತಾನೇ ವಹಿಸಿಕೊಂಡ. ಕೆಲವು ಗಿಡ ಸತ್ತವು, ಕೆಲವು ಉಳಿದವು. 2016ರ ಜನವರಿ 16ರಂದು ಅರಳಿದ ಕಿತ್ತಳೆ ಹೂವಿನ ಫೋಟೊ ಹಾಕಿದ. ಅವನ ಕೈಗೂ ಯಾರೋ ಬೇರೆ ಸೀಮೆಯವರು ಬರೆದ ಪ್ಯಾಕೆಟ್ ಕೊಟ್ಟಿದ್ದರು ಅನ್ನಿಸಿ ನನಗೆ ನಗು ಬಂದಿತ್ತು.

ಹೂ ಕೊಯ್ಯುವುದು

ಜೀನಿಯಾ ಮೊಗ್ಗಿನಲ್ಲಿ ಕೊಯ್ದರೆ ಅರಳುವುದಿಲ್ಲ, ಬಾಗುತ್ತದೆ. ಹೂವಿನಿಂದ ಒಂದು ಗೇಣು ಕೆಳಗೆ ಕಾಂಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕುತ್ತಿಗೆ ಲೊಳಲೊಳ ಅಂದರೆ ಇನ್ನೂ ಆಗಿಲ್ಲ. ಕಡ್ಡಿಯ ಹಾಗೆ ನೆಟ್ಟಗಿದ್ದರೆ ಕೊಯ್ಯಬಹುದು. ಎಲೆ ಜೋಡಿಯ ಸ್ವಲ್ಪ ಮೇಲೆ ಕತ್ತರಿಸಿ, ಅಲ್ಲಿಂದ ಎರಡು ಕವಲು ಹೊರಡುತ್ತದೆ. ನೀರು ದಿನಾ ಬದಲಿಸಿದರೆ ಹೂದಾನಿಯಲ್ಲಿ ವಾರ ಇರುತ್ತದೆ. ಕೊಯ್ಯಲು ಮನಸ್ಸಿಲ್ಲದವರು ಬಾಡಿದ್ದನ್ನಾದರೂ ತೆಗೆಯಿರಿ. ಗಿಡ ಬೀಜ ಕಟ್ಟಲು ಹೊರಟರೆ ಹೂ ಕಡಿಮೆ ಮಾಡುತ್ತದೆ.

ಬೀಜ ಎತ್ತಿಡುವುದು

ಫೆಬ್ರವರಿಯಲ್ಲಿ, ಇಷ್ಟವಾದ ಗಿಡದ ಕಾಂಡಕ್ಕೆ ಬಣ್ಣದ ನೂಲು ಕಟ್ಟಿ, ಹೂ ಅಲ್ಲೇ ಕಂದಾಗಿ ಒಣಗಲು ಬಿಡಿ. ಹೂ ಒಣಗಿದರೆ ಎಲ್ಲ ಒಂದೇ ಬಣ್ಣ, ನೂಲಿಲ್ಲದೆ ಗುರುತು ಸಿಗುವುದಿಲ್ಲ. ಪೂರ್ತಿ ಒಣಗಿದ ಮೇಲೆ ಒಂದೊಂದೇ ಎಸಳು ಎಳೆಯಿರಿ, ಬುಡದಲ್ಲಿ ಬೀಜ ಅಂಟಿಕೊಂಡು ಬರುತ್ತದೆ. ಉಗುರಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಇಟ್ಟುಕೊಳ್ಳಿ, ಜೊಳ್ಳಾದರೆ ಎಸೆಯಿರಿ. ಜೊಳ್ಳು ಜಾಸ್ತಿಯೇ ಇರುತ್ತದೆ.

ಬೀಜ ತೆಗೆಯುವುದು ಸುಲಭ, ನಮ್ಮ ಮಳೆಗಾಲ ದಾಟಿಸುವುದು ಕಷ್ಟ. ಹಿಂದಿನವರು ಸೌತೆ ಬೀಜವನ್ನು ಬೂದಿಯಲ್ಲಿ ಕಲಸಿ ಗೋಡೆಗೆ ಮೆತ್ತುತ್ತಿದ್ದುದು ಸುಮ್ನೆ ಅಲ್ಲ. ನಾನು ನಾಲ್ಕು ದಿನ ನೆರಳಿನಲ್ಲಿ ಒಣಗಿಸಿ, ಕಾಗದದ ಪೊಟ್ಟಣ ಕಟ್ಟಿ, ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಹಾಕುತ್ತೇನೆ. ತಳಕ್ಕೆ ಎರಡು ಚಮಚ ಹುರಿದು ಆರಿಸಿದ ಅಕ್ಕಿ. ಅದು ತೇವ ಎಳೆದುಕೊಳ್ಳುತ್ತದೆ. ಹೀಗೆ ಒಣಗಿದ್ದರೆ ಬೀಜ ಮೂರು ವರ್ಷಕ್ಕೂ ಹುಟ್ಟುತ್ತದೆ. ಜುಲೈನಲ್ಲಿ ಒಮ್ಮೆ ಅಕ್ಕಿ ಬದಲಿಸಿ.

ಹಳೆಯ ಗಿಡಗಳನ್ನು ಮುಂಗಾರಿಗೆ ಮೊದಲೇ ಕಿತ್ತು ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಮುಂದಿನ ಸಲ ಮಡಿಯ ಜಾಗ ಬದಲಿಸಿ.

ಬಾಟಲಿಯ ಮೇಲೆ ಬಣ್ಣ, ವರ್ಷ ಎರಡೂ ಬರೆಯಿರಿ. ನಾನು ‘ಕೆಂಪು’ ಎಂದು ಬರೆದಿಟ್ಟ ಬೀಜ ಹೋದ ವರ್ಷ ಬಿತ್ತಿದರೆ ಅರ್ಧಕ್ಕರ್ಧ ಗುಲಾಬಿ ಬಂತು. ಪಕ್ಕದ ಮಡಿಯ ಬಿಳಿ ಹೂವಿನ ಮೇಲೆ ಕೂತ ಚಿಟ್ಟೆಗಳೇ ಇಲ್ಲಿಗೂ ಬಂದಿರಬೇಕು. ಅತ್ತೆ ಆ ಗುಲಾಬಿ ಗಿಡಗಳಿಗೇ ನೂಲು ಕಟ್ಟಿಸಿದ್ದಾರೆ.